ಮನೋವ್ರಣ ಮತ್ತು ಅದರ ಶುಶ್ರೂಷೆ

ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಬೆದರುವವನ ದೃಷ್ಟಾಂತವು ಶಾಸ್ತ್ರಗಳಲ್ಲಿ ಸುಪ್ರಸಿದ್ಧವಾದುದು. ದೀಪವನ್ನು ತಂದೊಡನೆ ಅವನ ಭ್ರಮೆ ಅಳಿಯುವುದು, ಭಯವೂ ತೊಲಗುವುದು. ಆದರೆ ಹಿಂದೊಮ್ಮೆ ದಿಟವಾಗಿಯೂ ಹಾವಿನಿಂದ ಕಚ್ಚಿಸಿಕೊಂಡವನ ಸ್ಥಿತಿ ಬೇರೆ. ದೀಪ ಬಂದು, ಇದು ಹಗ್ಗವೆಂದು ಬುದ್ಧಿಗೆ ತಿಳಿದ ಮೇಲೂ ಅವನ ಎದೆ ಡವಗುಟ್ಟುತ್ತಲೇ ಇರುವುದು. ಬುದ್ಧಿ ಒಪ್ಪಿದುದನ್ನು ದೇಹ ಒಪ್ಪದು. ಈ ಎರಡನೆಯ ಬಗೆಯ ಭಯಕ್ಕೆ ಉಪದೇಶವೊಂದೇ ಸಾಲದೆಂಬುದನ್ನು ಆಧುನಿಕ ಮನೋವೈದ್ಯವು ಕಳೆದ ಒಂದು ಶತಮಾನದಲ್ಲಿ ಕ್ರಮಕ್ರಮವಾಗಿ ಮನಗಂಡಿದೆ.

ಪಾಶ್ಚಾತ್ಯರು ಇದನ್ನು 'ಟ್ರಾಮಾ' ಎನ್ನುತ್ತಾರೆ. ಇದು ಗ್ರೀಕ್ ಶಬ್ದ. ಗಾಯವೆಂದು ಅದರ ಮೂಲಾರ್ಥ. ಮನಸ್ಸಿಗೆ ತಗುಲಿದ ಗಾಯವಾದ್ದರಿಂದ ಕನ್ನಡದಲ್ಲಿ 'ಮನೋವ್ರಣ'ವೆಂದರೆ ಸಲ್ಲುವುದು. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಗುಂಡುಗಳ ನಡುವೆ ಸಿಲುಕಿ, ಮೈಮೇಲೆ ಗಾಯ ಕಾಣದಿದ್ದರೂ ನೆನಪು, ದೃಷ್ಟಿಗಳು ಕುಂದಿದ ಸೈನಿಕರ ಅವಸ್ಥೆಯನ್ನು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವಿದ್ವಾಂಸರು 'ಶೆಲ್ ಶಾಕ್' ಎಂಬ ಹೆಸರಿನಿಂದ ವರ್ಣಿಸಿದರು. ಅಂಥವರನ್ನು ಹೇಡಿಗಳೆಂದು ಜರೆದವರೂ ಉಂಟು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗನಿರ್ಣಯ ಗ್ರಂಥದಲ್ಲಿ ಆಘಾತೋತ್ತರ ವ್ಯಾಧಿಗೆ ಪ್ರತ್ಯೇಕ ಸ್ಥಾನವನ್ನಿತ್ತಿತು.

ಗಾಯವಾಗಲು ರಣರಂಗವೇ ಬೇಕಿಲ್ಲ. ಫೆಲಿಟ್ಟಿ ಮತ್ತು ಆಂಡಾ ಎಂಬ ಅಮೆರಿಕದ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾಲ್ಯದಲ್ಲಿ ಹೊಡೆತ, ಅವಮಾನ, ಮನೆಯೊಳಗಣ ಹಿಂಸೆಗಳನ್ನು ಹೆಚ್ಚಾಗಿ ಅನುಭವಿಸಿದವರಲ್ಲಿ ಮುಂದೆ ಖಿನ್ನತೆ, ಕುಡಿತದ ಚಟ, ಹೃದ್ರೋಗ ಮೊದಲಾದುವೂ ಹೆಚ್ಚು. ಎಲ್ಲ ಕಳವಳಕ್ಕೂ ಹಳೆಯ ಗಾಯವೇ ಕಾರಣವೆನ್ನಲಾಗದು. ಆದರೆ ಕಾರಣವಿಲ್ಲದೆ ಬೆಚ್ಚುವ, ನಿದ್ರೆ ಬಾರದೆ ಹೊರಳುವ, ಸಣ್ಣ ಮಾತಿಗೂ ಸಿಡಿದೇಳುವ ವ್ಯಕ್ತಿಯನ್ನು ಕಂಡಾಗ 'ಇವನಿಗೇನು ಕೇಡು?' ಎಂದು ಕೇಳುವುದಕ್ಕೆ ಬದಲು 'ಇವನಿಗೇನಾಯಿತು?' ಎಂದು ಕೇಳುವುದೇ ಈ ಹೊಸ ಚಿಕಿತ್ಸಾಮಾರ್ಗದ ಮೊದಲ ಸೂತ್ರ.

ಚಿಕಿತ್ಸೆಯ ಕ್ರಮವನ್ನು ಜುಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಮೂರು ಹಂತಗಳಾಗಿ ನಿರೂಪಿಸಿದರು. ಮೊದಲನೆಯದು ಅಭಯ: ನೊಂದವನಿಗೆ ತಾನು ಸುರಕ್ಷಿತನೆಂಬ ಭರವಸೆ ಮೂಡಬೇಕು; ಉಸಿರು, ನಿದ್ರೆ, ದಿನಚರಿಗಳು ಹದಕ್ಕೆ ಬರಬೇಕು. ಎರಡನೆಯದು ಸ್ಮರಣೆ: ನಡೆದುದನ್ನು ತಾನಾಗಿ, ತನ್ನ ತಾಳ್ಮೆಯ ಮಿತಿಯಲ್ಲಿ ಹೇಳಿಕೊಂಡು ಅತ್ತು ಹಗುರಾಗುವುದು. ಮೂರನೆಯದು ಪುನರ್ಬಾಂಧವ್ಯ: ಮರಳಿ ಜನರೊಡನೆ ಬೆರೆತು ಬಾಳುವುದು. ಮೊದಲ ಮೆಟ್ಟಿಲನ್ನು ಹತ್ತಿಸದೆ ಎರಡನೆಯದಕ್ಕೆ ಎಳೆದೊಯ್ದರೆ ಗಾಯವನ್ನು ಕೆದಕಿದಂತಾಗುವುದೇ ಹೊರತು ಮಾಯಿಸಿದಂತಾಗದು.

ಇನ್ನು ದಾಂಪತ್ಯದ ವಿಷಯ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳನ್ನು ಭಾವಿಸಬಹುದು. ಗಂಡ ಮನೆಗೆ ಬರುವುದು ಒಂದು ತಾಸು ತಡವಾದರೆ ಅವಳ ಅಳುಕು ಸಿಟ್ಟಿನ ರೂಪದಲ್ಲಿ ಹೊರಬೀಳುವುದು. ಗಂಡನೋ ಬೈಗಳು ಬಡಿತಗಳ ನಡುವೆ ಬೆಳೆದವನು. ಏರಿದ ದನಿ ಕೇಳಿದೊಡನೆ ಅವನ ಬಾಯಿ ಕಟ್ಟಿಹೋಗುವುದು. ಆ ಮೌನ ಅವಳಿಗೆ ತಿರಸ್ಕಾರವಾಗಿ ತೋರುವುದು. ದನಿ ಮತ್ತೂ ಏರುವುದು. ಇಬ್ಬರೂ ಹಗ್ಗದಲ್ಲಿ ಹಾವನ್ನೇ ಕಾಣುತ್ತಿರುವರು. ಲೆಸ್ಲಿ ಗ್ರೀನ್‌ಬರ್ಗ್ ಮತ್ತು ಸ್ಯೂ ಜಾನ್ಸನ್ ಅವರು 1980ರ ದಶಕದಲ್ಲಿ ಕೆನಡಾದಲ್ಲಿ ರೂಪಿಸಿದ ದಂಪತಿಚಿಕಿತ್ಸೆಯಲ್ಲಿ ತಪ್ಪು ಯಾರದೆಂಬ ವಿಚಾರಣೆಗೆ ಎಡೆಯಿಲ್ಲ. ಸಿಟ್ಟಿನ ಕೆಳಗಿರುವ ಅಂಜಿಕೆಯನ್ನು ಒಬ್ಬರು ನುಡಿದು, ಮತ್ತೊಬ್ಬರು ಆಲಿಸುವಂತೆ ಮಾಡುವುದೇ ಅದರ ಸಾರ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಮನೆಯಲ್ಲಿ ಹೊಡೆತ ಬಡಿತಗಳು ನಡೆಯುತ್ತಿದ್ದರೆ ಅದು ಹಗ್ಗವಲ್ಲ, ಹಾವೇ ಸರಿ. ಅಲ್ಲಿ ಪೆಟ್ಟು ತಿನ್ನುವವರಿಗೆ ತಾಳ್ಮೆಯನ್ನು ಬೋಧಿಸುವುದು ಅಧರ್ಮ. ಮೊದಲು ರಕ್ಷಣೆ, ಆಮೇಲೆ ಉಳಿದುದು.

ಕನ್ನಡಿಗರಿಗೆ ಇಂಥ ನೆರವು ದೂರದ್ದಲ್ಲ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬಚಿಕಿತ್ಸೆಗೂ ವ್ಯವಸ್ಥೆಯುಂಟು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು. ಮೈಗೆ ಜ್ವರ ಬಂದರೆ ವೈದ್ಯರ ಬಳಿಗೆ ಹೋಗಲು ನಾಚದವರು ಮನಸ್ಸಿನ ಗಾಯಕ್ಕೆ ಮಾತ್ರ ನಾಚುವುದೇಕೆ?

ಶಿಕ್ಷಕರಿಗೂ ಇದರಲ್ಲಿ ಪಾಲುಂಟು. ಮೇಜಿನ ಮೇಲೆ ಬೆತ್ತ ಸದ್ದುಮಾಡಿದೊಡನೆ ಬೆಚ್ಚಿಬೀಳುವ ಬಾಲಕನೇ ನಾಳಿನ ಗೃಹಸ್ಥ. ಶಾಲೆಯಲ್ಲಿಯೂ ಪ್ರಸಾದನಿಲಯದಲ್ಲಿಯೂ ಅವನಿಗೆ ದೊರೆತ ಒಂದು ಅಭಯದ ಮಾತು ಮುಂದೆ ಅವನ ಮನೆಯನ್ನೂ ಕಾಯುವುದು. ಅನ್ನ, ಅಕ್ಷರಗಳೊಡನೆ ಅಭಯವನ್ನೂ ನೀಡುವ ಸಂಸ್ಥೆಗಳೇ ಸಮಾಜದ ಗಾಯಗಳನ್ನು ಮಾಯಿಸಬಲ್ಲವು.