ಪ್ಯಾನೆಲ್‌ಗೆ ಬಿಸಿಲು, ಬ್ಯಾಟರಿಗೆ ನೆರಳು

ಗ್ರಾಮ ಒನ್ ಕೇಂದ್ರಗಳನ್ನು ರಾಜ್ಯದಲ್ಲಿ ಮೊದಲು ಪ್ರಯೋಗಕ್ಕೆ ಇಳಿಸಿದ್ದು ದಾವಣಗೆರೆ ಜಿಲ್ಲೆಯಲ್ಲಿ, 2020ರಲ್ಲಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆಯ ಅರ್ಜಿ ಎಲ್ಲ ಊರಲ್ಲೇ ಮುಗಿಯುವಂತಾಯಿತು. ಆದರೂ ಸಂತೆಯ ದಿನ, ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿನ ಬಳಿ, ಹರಿಹರದ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಚಿಕ್ಕ ಗೂಡ್ಸ್ ಗಾಡಿಯೊಂದನ್ನೇ ಕಚೇರಿ ಮಾಡಿಕೊಂಡು ಕೂತವರಿಗೆ ಇಂಥ ಅರ್ಜಿ ಕೆಲಸಕ್ಕೆ ಬರವಿರುವುದಿಲ್ಲ. ಬರ ಇರುವುದು ಕರೆಂಟಿಗೆ. ಪಕ್ಕದ ಅಂಗಡಿಯಿಂದ ವೈರ್ ಎಳೆಯೋಣವೆಂದರೆ ಅವರ ಮರ್ಜಿ ಕಾಯಬೇಕು. ಜನರೇಟರ್ ಇಟ್ಟರೆ ಅದರ ಸದ್ದಿನಲ್ಲಿ ಗಿರಾಕಿ ಹೇಳುವ ಆಧಾರ್ ನಂಬರೂ ಕೇಳಿಸುವುದಿಲ್ಲ. ಸೋಲಾರ್ ಪ್ಯಾನೆಲ್‌ನಿಂದ ತುಂಬಿಸುವ ಲಿಥಿಯಂ ಬ್ಯಾಟರಿ ಬ್ಯಾಂಕ್ ಈ ಜಾಗಕ್ಕೆ ಹೇಳಿ ಮಾಡಿಸಿದ್ದು.

ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂದು ಅಂಗಡಿಯವರನ್ನು ಕೇಳುವ ಮೊದಲು ಪ್ರಿಂಟರ್ ಯಾವುದೆಂದು ತೀರ್ಮಾನಿಸಬೇಕು. ಲೇಸರ್ ಪ್ರಿಂಟರ್ ಶಾಯಿಯ ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುತ್ತದೆ. ಹಾಗೆ ಕಾಯುವ ಗಳಿಗೆಯಲ್ಲಿ ಅದು 800ರಿಂದ 1000 ವ್ಯಾಟ್ ಎಳೆಯುತ್ತದೆ. ಜೆರಾಕ್ಸ್ ಮಷಿನ್ ಇನ್ನೂ ಹೆಚ್ಚು. ಇಂಕ್ ಟ್ಯಾಂಕ್ ಪ್ರಿಂಟರ್‌ಗೆ 15 ವ್ಯಾಟ್ ಆಸುಪಾಸು ಸಾಕು. ಈ ಒಂದು ಆಯ್ಕೆಯಿಂದ ಇನ್ವರ್ಟರ್, ವೈರ್, ಫ್ಯೂಸ್ ಎಲ್ಲದರ ಗಾತ್ರ ಇಳಿಯುತ್ತದೆ. ಗಾಡಿಯಲ್ಲಿ ಲೇಸರ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ದಿನದ ಲೆಕ್ಕ. ಎರಡು ಲ್ಯಾಪ್‌ಟಾಪ್, ತಲಾ 45 ವ್ಯಾಟ್, ಆರು ಗಂಟೆ: 540 ವ್ಯಾಟ್-ಅವರ್. ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನಂತೆ ಎಂಟು ಗಂಟೆಗೆ 240. ಹಳೆಯ ಫ್ಯಾನ್ ಹಾಕಿದರೆ ಇದರ ಎರಡರಷ್ಟಕ್ಕಿಂತ ಜಾಸ್ತಿ. ರೂಟರ್‌ಗೆ 80, ಪ್ರಿಂಟರ್‌ಗೆ 50, ದೀಪ, ಬಯೋಮೆಟ್ರಿಕ್ ಯಂತ್ರ, ಮೊಬೈಲ್ ಚಾರ್ಜಿಂಗ್ ಎಲ್ಲ ಸೇರಿ ನೂರಕ್ಕಿಂತ ಸ್ವಲ್ಪ ಹೆಚ್ಚು. ಹಲವರು ಮರೆಯುವುದು ಇನ್ವರ್ಟರ್‌ನ ಸ್ವಂತ ಹೊಟ್ಟೆಪಾಡನ್ನು. ಏನೂ ಕೆಲಸವಿಲ್ಲದೆ ಆನ್ ಆಗಿ ಕೂತರೂ ಅದು 15 ವ್ಯಾಟ್ ತಿನ್ನುತ್ತದೆ, ಎಂಟು ಗಂಟೆಗೆ 120. ಪರಿವರ್ತನೆಯ ನಷ್ಟವನ್ನೂ ಕೂಡಿಸಿದರೆ ದಿನಕ್ಕೆ ಸುಮಾರು 1250 ವ್ಯಾಟ್-ಅವರ್ ಬೇಕು.

ಇದಕ್ಕೆ 100 ಆಂಪಿಯರ್-ಅವರ್‌ನ ಎಂಟು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಸಾಕು. ಒಂದು ಸೆಲ್ 3.2 ವೋಲ್ಟ್, ಎಂಟನ್ನು ಸರಣಿಯಲ್ಲಿ ಜೋಡಿಸಿದರೆ 25.6 ವೋಲ್ಟ್, 2560 ವ್ಯಾಟ್-ಅವರ್. ಶೇಕಡಾ 80ರಷ್ಟನ್ನೇ ಬಳಸಿದರೂ ಒಂದೂವರೆ ದಿನ ದಾಟುತ್ತದೆ. ತೂಕ ಹದಿನಾರು ಕೆಜಿಯಷ್ಟು. ಇಷ್ಟೇ ಕೆಲಸಕ್ಕೆ 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ ಬೇಕಾಗುತ್ತವೆ, ಅವು ನೂರು ಕೆಜಿ ಮೀರುತ್ತವೆ, ಆಸಿಡ್ ತುಳುಕುವ ಕಾಟ ಬೇರೆ.

24 ವೋಲ್ಟೇ ಯಾಕೆ? 12 ವೋಲ್ಟ್‌ನಲ್ಲಿ 1000 ವ್ಯಾಟ್‌ನ ಇನ್ವರ್ಟರ್ ತೊಂಬತ್ತಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ; 24ರಲ್ಲಿ ಅದರ ಅರ್ಧ. ಅದೇ ವೈರ್‌ನಲ್ಲಿ ಬಿಸಿಯಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ 48ಕ್ಕೇ ಹೋಗಬಹುದಲ್ಲ ಎಂದರೆ, ಮನೆ ಮಾಳಿಗೆಗೆ ಹಾಕುವ 540 ವ್ಯಾಟ್‌ನ ಒಂದು ಪ್ಯಾನೆಲ್ ಕೆಲಸ ಮಾಡುವುದು 41 ವೋಲ್ಟ್ ಸುಮಾರಿನಲ್ಲಿ. ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಸಾಮಾನ್ಯ ಎಂಪಿಪಿಟಿ ಚಾರ್ಜರ್‌ಗೆ ಪ್ಯಾನೆಲ್‌ನ ವೋಲ್ಟೇಜ್ ಬ್ಯಾಟರಿಗಿಂತ ಮೇಲಿರಬೇಕು. ಒಂದೇ ಪ್ಯಾನೆಲ್ ಹಿಡಿಸುವ ಗಾಡಿಗೆ 24 ಸರಿಯಾಗಿ ಕೂರುತ್ತದೆ.

ಸೆಲ್ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಬಳಸಿ ಬಿಟ್ಟ ಸೆಲ್‌ಗಳಿಗೆ ಹೊಸ ನೀಲಿ ಹೊದಿಕೆ ಹಾಕಿ, ಕ್ಯೂಆರ್ ಕೋಡ್ ಕೆರೆದು ಮತ್ತೆ ಬರೆದು ಮಾರುವುದುಂಟು. ಹೊಸ ಸೆಲ್‌ಗಳು ಬಹುತೇಕ 3.3 ವೋಲ್ಟ್ ಹತ್ತಿರ, ಎಂಟೂ ಒಂದೇ ಸಮನಾಗಿ ಬರುತ್ತವೆ. ಒಳ ರೋಧ ಒಂದು ಮಿಲಿ ಓಮ್‌ಗಿಂತ ಕಡಿಮೆ ಇರುತ್ತದೆ. ಟರ್ಮಿನಲ್ ಮೇಲೆ ಗೀರು, ವೆಲ್ಡಿಂಗ್ ಗುರುತು, ಉಬ್ಬಿದ ಹೊಟ್ಟೆ ಕಂಡರೆ ಎಷ್ಟು ಅಗ್ಗವಾದರೂ ಬೇಡ. ಸರಣಿಯಲ್ಲಿ ಎಲ್ಲಕ್ಕಿಂತ ಸೋತ ಸೆಲ್ ಎಷ್ಟು ಕೊಡುತ್ತದೋ ಇಡೀ ಬ್ಯಾಂಕ್ ಅಷ್ಟೇ ಕೊಡುತ್ತದೆ.

ಜೋಡಿಸುವ ಮುಂಚೆ ಎಂಟನ್ನೂ ಒಂದೇ ಮಟ್ಟಕ್ಕೆ ತುಂಬಿಸಬೇಕು, ಇದಕ್ಕೆ ಟಾಪ್ ಬ್ಯಾಲೆನ್ಸ್ ಎನ್ನುತ್ತಾರೆ. ಪುಸ್ತಕದ ರೀತಿ ಎಂಟನ್ನೂ ಸಮಾಂತರವಾಗಿ ಕಟ್ಟಿ 10 ಆಂಪಿಯರ್ ಚಾರ್ಜರ್ ಹಚ್ಚಿದರೆ ಎರಡು ದಿನ ಹಿಡಿದೀತು. ಮೊದಲು ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬ್ಯಾಟರಿ ನಿರ್ವಹಣಾ ಬೋರ್ಡು) ಮೂಲಕ ಸರಣಿಯಲ್ಲಿ ತುಂಬಿಸಿ, ಯಾವುದೋ ಒಂದು ಸೆಲ್ ಮೇಲಿನ ಮಿತಿ ಮುಟ್ಟಿದ ಮೇಲೆ ಬಿಚ್ಚಿ ಸಮಾಂತರ ಮಾಡಿ 3.6 ವೋಲ್ಟ್‌ವರೆಗೆ ಮುಗಿಸುವುದು ಜಾಣತನ. ಸರಣಿಯ ಕೆಲಸ ಆರೇಳು ಗಂಟೆಯದು. ಬಿಎಂಎಸ್ ತಾನೇ ಸರಿದೂಗಿಸುತ್ತದಲ್ಲ ಎಂದು ಸುಮ್ಮನಿರಬಾರದು. ಸಾಮಾನ್ಯ ಬಿಎಂಎಸ್ ಸರಿದೂಗಿಸುವುದು ಮಿಲಿ ಆಂಪಿಯರ್ ಲೆಕ್ಕದಲ್ಲಿ.

ಬಿಎಂಎಸ್‌ನ ಸಣ್ಣ ವೈರ್‌ಗಳನ್ನು ಮೈನಸ್ ತುದಿಯಿಂದ ಶುರುಮಾಡಿ ಅನುಕ್ರಮವಾಗಿ ಹಾಕಿ, ಪ್ಲಗ್ ಚುಚ್ಚುವ ಮೊದಲು ಒಂದೊಂದು ಪಿನ್ನಿನ ನಡುವೆಯೂ ಮಲ್ಟಿಮೀಟರ್ ಹಿಡಿದು ನೋಡಬೇಕು. ಒಂದು ವೈರ್ ಅದಲುಬದಲಾದರೂ ಬೋರ್ಡು ಸುಟ್ಟೀತು.

ಸೆಲ್‌ಗಿಂತ ಹೆಚ್ಚು ಗಮನ ಬೇಡುವುದು ಸಂದುಗಳು. ನಮ್ಮ ರಸ್ತೆಗಳ ಮೇಲೆ ಅಲುಗಾಡಿದ ಬೋಲ್ಟ್ ಸಡಿಲವಾಗುತ್ತದೆ, ಸಡಿಲವಾದದ್ದು ಕಾಯುತ್ತದೆ, ಕಾದದ್ದು ಪ್ಲಾಸ್ಟಿಕ್ ಕರಗಿಸುತ್ತದೆ. ಗಟ್ಟಿ ತಾಮ್ರದ ಪಟ್ಟಿಗಿಂತ ಹೆಣೆದ ಮೆದು ಪಟ್ಟಿ ವಾಸಿ. ಬೋಲ್ಟ್‌ಗೆ ಸ್ಪ್ರಿಂಗ್ ವಾಷರ್, ಸೆಲ್ ತಯಾರಕರು ಹೇಳಿದಷ್ಟೇ ಬಿಗಿ, ಲಗ್‌ಗಳಿಗೆ ಬೆಸುಗೆಯ ಬದಲು ಹೈಡ್ರಾಲಿಕ್ ಕ್ರಿಂಪ್. ಸೆಲ್‌ಗಳ ಅಲ್ಯೂಮಿನಿಯಂ ಮೈ ಒಂದಕ್ಕೊಂದು ತಾಗದಂತೆ ನಡುವೆ ಎಪಾಕ್ಸಿ ಹಾಳೆ ಇಟ್ಟು, ಎರಡೂ ಕಡೆಯಿಂದ ಹದವಾಗಿ ಒತ್ತಿ ಹಿಡಿಯುವ ಕಬ್ಬಿಣದ ಚೌಕಟ್ಟು ಮಾಡಿಸಬೇಕು. ಈ ಕೆಲಸಕ್ಕೆ ಹರಿಹರ ಬಿಟ್ಟು ದೂರ ಹೋಗಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆ ಲೇತ್ ಮಾಡಿಕೊಟ್ಟ ಊರದು. ಕಾರ್ಖಾನೆ ಮುಚ್ಚಿದೆ, ಆದರೆ ಲೇತ್ ಮುಂದೆ ನಿಂತು ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನು ಬೆರಳಲ್ಲೇ ಹೇಳುವವರು ಅಲ್ಲಿ ಇನ್ನೂ ಸಿಗುತ್ತಾರೆ.

ಫ್ಯೂಸ್ ವಿಷಯದಲ್ಲಿ ಜಿಪುಣತನ ಸಲ್ಲದು. ಎಂಟು ಸೆಲ್‌ಗಳ ಮೇಲೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಹರಿಯುವುದು ಸಾವಿರಾರು ಆಂಪಿಯರ್. ಮನೆಯ ಎಸಿ ಎಂಸಿಬಿ ಅದನ್ನು ತಡೆಯಲಾರದು. ಡಿಸಿಯ ಕಿಡಿ ತಾನಾಗಿ ಆರುವುದಿಲ್ಲ. ಡಿಸಿಗೆಂದೇ ಮಾಡಿದ 80 ಆಂಪಿಯರ್ ಎಚ್‌ಆರ್‌ಸಿ ಫ್ಯೂಸ್ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಇರಲಿ, ಅಲ್ಲಿಂದ ಇನ್ವರ್ಟರ್‌ಗೆ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್. ಕೆಲಸಕ್ಕೆ ಕೂರುವ ಮೊದಲು ಉಂಗುರ, ವಾಚು ಬಿಚ್ಚಿಡಿ; ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ.

ಇನ್ನು ನಮ್ಮ ಊರಿನ ನಿಜವಾದ ಸಮಸ್ಯೆ. ವಿದೇಶದ ವಿಡಿಯೊಗಳಲ್ಲಿ ಬ್ಯಾಟರಿ ಕೆಳಗೆ ಹೀಟರ್ ಪ್ಯಾಡ್ ಇಡುವುದನ್ನು ತೋರಿಸುತ್ತಾರೆ, ಏಕೆಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಸೆಲ್ ಚಾರ್ಜ್ ಮಾಡುವಂತಿಲ್ಲ. ದಾವಣಗೆರೆಗೆ ಆ ಚಿಂತೆಯೇ ಇಲ್ಲ. ಇಲ್ಲಿ ಏಪ್ರಿಲ್ ಬಿಸಿಲಲ್ಲಿ ಪಿ.ಬಿ. ರಸ್ತೆ ಬದಿ ಬಾಗಿಲು ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಐವತ್ತು ಡಿಗ್ರಿ ದಾಟುತ್ತದೆ. 1990ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಜಾನ್ ಗುಡ್‌ಇನಫ್ ತಂಡ ಮುಂದಿಟ್ಟ ಈ ಐರನ್ ಫಾಸ್ಫೇಟ್ ರಸಾಯನ ಶಾಖಕ್ಕೆ ಬೇಗ ಬೆದರುವುದಿಲ್ಲ. ಅದರೊಳಗಿನ ಆಮ್ಲಜನಕ ರಂಜಕಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ಬೆಂಕಿಯ ಭಯ ಕಡಿಮೆ, ಇಲ್ಲವೆಂದಲ್ಲ. ಆದರೆ ಆಯುಷ್ಯ ಮಾತ್ರ ಕರಗುತ್ತದೆ. ಸ್ಥೂಲವಾಗಿ, ತಾಪ ಹತ್ತು ಡಿಗ್ರಿ ಏರಿದಂತೆ ಮುಪ್ಪಿನ ವೇಗ ಇಮ್ಮಡಿ. ಪೂರ್ತಿ ತುಂಬಿಸಿ ಬಿಸಿಯಲ್ಲಿ ನಿಲ್ಲಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ತೊಡಕೇನೆಂದರೆ, ಪ್ಯಾನೆಲ್ ಗಾಡಿಯ ನೆತ್ತಿ ಮೇಲಿದ್ದರೆ ಗಾಡಿ ಬಿಸಿಲಲ್ಲೇ ನಿಲ್ಲಬೇಕು. ಮೂರ್ನಾಲ್ಕು ಇಂಚು ಗಾಳಿ ಆಡುವ ಸಂದು ಬಿಟ್ಟು ಕೂರಿಸಿದರೆ ಪ್ಯಾನೆಲ್ ಚಾವಣಿಗೆ ಚಪ್ಪರವಾಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ನನಗೆ ಮೆಚ್ಚುಗೆಯಾಗುವ ದಾರಿ ಬೇರೆ: 200 ವ್ಯಾಟ್‌ನ ಎರಡು ಸಣ್ಣ ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸಿ, ಗಾಡಿಯನ್ನು ಹತ್ತು ಮೀಟರ್ ಆಚೆ ಹೊಂಗೆ ಮರದ ಕೆಳಗೆ ಬಿಡುವುದು. 6 ಚದರ ಮಿಲಿಮೀಟರ್ ವೈರ್ ಬಳಸಿದರೆ ಆ ದೂರದಲ್ಲಿ ಕಳೆದುಹೋಗುವುದು ಶೇಕಡಾ ಎರಡನ್ನೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಐದು ಗಂಟೆಯ ಗಟ್ಟಿ ಬಿಸಿಲು ಹಿಡಿದು, ನಷ್ಟ ಕಳೆದರೆ 1400 ವ್ಯಾಟ್-ಅವರ್ ಸಿಗುತ್ತದೆ. ದಿನದ ಖರ್ಚು ಕಳೆದು ಸ್ವಲ್ಪ ಮಿಕ್ಕುತ್ತದೆ. ಮರದ ನೆರಳಲ್ಲಿ ಸರದಿ ನಿಂತವರಿಗೂ ಸುಖ. ಬ್ಯಾಟರಿಯನ್ನು ಮಾತ್ರ ಚಾವಣಿಯ ಹತ್ತಿರವಲ್ಲದೆ ನೆಲಮಟ್ಟದಲ್ಲಿ, ಸೈಲೆನ್ಸರ್ ಹಾದುಹೋಗದ ಕಡೆ, ಗಾಳಿ ಆಡುವಂತೆ ಇಡಬೇಕು.

ಜುಲೈ ಮೋಡದಲ್ಲಿ ಪ್ಯಾನೆಲ್ ಅರ್ಧವನ್ನೂ ಕೊಡದ ದಿನಗಳಿರುತ್ತವೆ. ಆಗ ರಾತ್ರಿ ಮನೆಯ ಬೆಸ್ಕಾಂ ಕರೆಂಟಿನಲ್ಲಿ ಲಿಥಿಯಂ ಚಾರ್ಜರ್ ಹಚ್ಚುವುದೇ ಸರಳ. ಮನೆ ಯುಪಿಎಸ್‌ನ ಸೀಸದ ಬ್ಯಾಟರಿ ಚಾರ್ಜರ್ ಬೇಡ. ಗಾಡಿಯ ಆಲ್ಟರ್ನೇಟರ್‌ನಿಂದ ತುಂಬಿಸುವುದಾದರೆ 12ರಿಂದ 24ಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ನಡುವೆ ಇರಲೇಬೇಕು. ನೇರ ಕೊಟ್ಟರೆ 12 ವೋಲ್ಟ್‌ನ ಗಾಡಿಯಿಂದ 24 ವೋಲ್ಟ್‌ನ ಬ್ಯಾಂಕ್ ತುಂಬುವುದಿಲ್ಲ, ಬದಲಿಗೆ ಬ್ಯಾಂಕಿನ ಕರೆಂಟೇ ಗಾಡಿಯ ವೈರಿಂಗ್ ಕಡೆ ನುಗ್ಗಿ ಹಾನಿ ಮಾಡೀತು. ಎಂಪಿಪಿಟಿಯಲ್ಲಿ ಚಾರ್ಜಿಂಗ್ ಮಿತಿ 28 ವೋಲ್ಟ್, ಫ್ಲೋಟ್ 27, ಈಕ್ವಲೈಸ್ ಆಫ್. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ತಿರುಗುಮುರುಗು. ಇನ್ವರ್ಟರ್ 24 ವೋಲ್ಟ್‌ಗೆ ನಿಲ್ಲಲಿ. ಬಿಎಂಎಸ್‌ನ 3.65 ಮತ್ತು 2.5 ವೋಲ್ಟ್ ಮಿತಿಗಳು ಕೊನೆಯ ಕಾವಲಿಗೆ, ದಿನಬಳಕೆಗಲ್ಲ. ಎಷ್ಟು ಉಳಿದಿದೆ ಎಂದು ವೋಲ್ಟೇಜ್ ನೋಡಿ ಊಹಿಸಲಾಗದು, ಎಲ್‌ಎಫ್‌ಪಿಯಲ್ಲಿ ಅದು ಬಹುಪಾಲು ಚಪ್ಪಟೆಯಾಗಿರುತ್ತದೆ. ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ, ಷಂಟ್ ಇರುವ ಮೀಟರ್ ಬೇಕು.

ಗಾಡಿಯ ರಚನೆ ಬದಲಿಸಿ ಕಚೇರಿ ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು. ಹಾಗಾಗಿ ಚೌಕಟ್ಟು ವೆಲ್ಡ್ ಮಾಡಿಸುವ ಮುಂಚೆಯೇ ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಬರುವುದು ಲೇಸು. ಎಲ್ಲ ಬಳಕೆಗೆ ಬಂದ ಮೇಲೆ, ತಿಂಗಳಿಗೊಮ್ಮೆ ಪೂರ್ತಿ ಹೊರೆ ಹಾಕಿ ಹತ್ತು ನಿಮಿಷದ ಮೇಲೆ ಒಂದೊಂದು ಸಂದಿನ ಬಿಸಿಯನ್ನೂ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡಿ. ಉಳಿದವುಗಳಿಗಿಂತ ಒಂದು ಹತ್ತು ಡಿಗ್ರಿ ಜಾಸ್ತಿ ತೋರಿಸಿದರೆ ಅಂದೇ ಬಿಚ್ಚಿ, ಒರೆಸಿ, ಮತ್ತೆ ಬಿಗಿಯಬೇಕು.