ಕೋಟೆಯೊಳಗಿನ ಹಳೆಯ ಮೈಸೂರು

ಮೈಸೂರೆಂದೊಡನೆ ಕಣ್ಣಿಗೆ ಕಟ್ಟುವ ಅಂಬಾವಿಲಾಸ ಅರಮನೆಯು, 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್ ರೂಪಿಸಿದ ವಿನ್ಯಾಸದಂತೆ 1912ರಲ್ಲಿ ಪೂರ್ಣಗೊಂಡ ಕಟ್ಟಡವಾದುದರಿಂದ, ಮಧ್ಯಯುಗದ ಊರನ್ನು ಕಾಣಬಯಸುವವರು ಅದರ ಸುತ್ತಲಿನ ಕೋಟೆಯೊಳಗಿನ ದೇವಾಲಯಗಳತ್ತ ಹೆಜ್ಜೆ ಹಾಕಬೇಕು. ಕೋಟೆಯ ಗೋಡೆಗಳೂ ಅಷ್ಟು ಹಳೆಯವಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಕೆಡವಿದ ಕೋಟೆಯನ್ನು 1799ರ ನಂತರ ಮತ್ತೆ ಕಟ್ಟಲಾಯಿತು.

ಪಶ್ಚಿಮ ಭಾಗದ ಲಕ್ಷ್ಮೀರಮಣಸ್ವಾಮಿ ದೇವಾಲಯಕ್ಕೆ ವಿಜಯನಗರದ ತುಳುವ ನರಸನಾಯಕನ ಕಾಲದಲ್ಲಿ ದತ್ತಿ, ಅಂದರೆ ಪೂಜಾದಿಗಳಿಗಾಗಿ ಬಿಟ್ಟ ಕೊಡುಗೆ, ಸಂದುದನ್ನು 1499ರ ಶಾಸನವು ತಿಳಿಸುವುದರಿಂದ, ಒಡೆಯರು ಸ್ವತಂತ್ರ ಅರಸರಾಗುವ ಮೊದಲೇ ಇಲ್ಲಿ ನೆಲೆಗೊಂಡ ಊರೊಂದಿತ್ತೆಂಬುದು ಸ್ಪಷ್ಟವಾಗುತ್ತದೆ.

ದಕ್ಷಿಣ ದ್ವಾರದ ಬಳಿಯ ಶ್ವೇತವರಾಹಸ್ವಾಮಿ ದೇವಾಲಯದ ಚರಿತ್ರೆ ಇನ್ನೂ ಸ್ವಾರಸ್ಯಕರವಾದುದು. ಚಿಕ್ಕದೇವರಾಜ ಒಡೆಯರು ಶ್ರೀಮುಷ್ಣದಿಂದ ತರಿಸಿ ಶ್ರೀರಂಗಪಟ್ಟಣದಲ್ಲಿರಿಸಿದ್ದ ಮೂರ್ತಿಗಾಗಿ 1809ರಲ್ಲಿ ಈ ಗುಡಿಯನ್ನು ಕಟ್ಟಿಸುವಾಗ, ದಿವಾನ್ ಪೂರ್ಣಯ್ಯನವರು ಶಿವಮೊಗ್ಗ ಸೀಮೆಯ ಪಾಳುಬಿದ್ದ ಹೊಯ್ಸಳ ಕಟ್ಟಡವೊಂದರ ಸಾಮಗ್ರಿಯನ್ನು ತರಿಸಿ ಬಳಸಿದರು. ಹೀಗಾಗಿ ನವರಂಗದಲ್ಲಿ, ಎಂದರೆ ಗರ್ಭಗುಡಿಯ ಮುಂದಿನ ಕಂಬಗಳ ಸಭಾಂಗಣದಲ್ಲಿ, ಹೊಯ್ಸಳ ಶಿಲ್ಪಿಗಳು ಕಡೆದ ಕಂಬಗಳೂ ಕುಸುರಿಗೆತ್ತನೆಯ ಬಾಗಿಲವಾಡವೂ, ಅಂದರೆ ಬಾಗಿಲಿನ ಕಲ್ಲಿನ ಚೌಕಟ್ಟೂ, ಒಡೆಯರ ಕಾಲದ ರಾಮಾಯಣ, ಭಾಗವತಗಳ ಭಿತ್ತಿಚಿತ್ರಗಳೂ ಒಂದೇ ನೋಟಕ್ಕೆ ದೊರೆಯುತ್ತವೆ. ನಾಡಿನ ಇಷ್ಟು ಕಾಲಘಟ್ಟಗಳು ಇಷ್ಟು ಕಿರಿದಾದ ಜಾಗದಲ್ಲಿ ಸೇರಿರುವುದು ನಿಜಕ್ಕೂ ಅಪರೂಪ.

ಅರಮನೆಗೆ ಬರುವವರು ಈ ಗುಡಿಗಳಿಗೂ ಸಮಯ ಮೀಸಲಿಡಬೇಕು. ಕೈ ತಾಗಿದರೆ ಬಣ್ಣ ಸವೆಯುವ ಆ ಭಿತ್ತಿಚಿತ್ರಗಳನ್ನು ದಯವಿಟ್ಟು ಮುಟ್ಟದೆ ನೋಡಬೇಕು.