ಮೇಲಿನ ಮನೆ ಲ್ಯಾಪ್‌ಟಾಪು, ಕೆಳಗಿನ ಮನೆ ಕಂಪ್ಯೂಟರು

ಜಯನಗರ, ಬನಶಂಕರಿ ಕಡೆಯ ಎರಡಂತಸ್ತಿನ ಮನೆಗಳಲ್ಲಿ ಈ ವ್ಯವಸ್ಥೆ ಈಗ ಮಾಮೂಲು. ಕೆಳಗೆ ಅಪ್ಪ ಅಮ್ಮ, ಮೇಲೆ ಮಗ ಸೊಸೆ. ಫೈಬರ್ ಕಂಪನಿಯವರ ಡಬ್ಬ ಕೆಳಗಿನ ಹಾಲ್‌ನಲ್ಲಿ, ಟಿವಿ ಪಕ್ಕ. ಅಪ್ಪನ ಡೆಸ್ಕ್‌ಟಾಪ್‌ಗೆ ಅಲ್ಲಿಂದಲೇ ಕೇಬಲ್. ಆರ್‌ಸಿಸಿ ಮೋಲ್ಡ್ ದಾಟಿ ಮೇಲಿನ ರೂಮಿಗೆ ಬರುವಷ್ಟರಲ್ಲಿ ವೈಫೈ ಒಂದು ಕಡ್ಡಿಗೆ ಇಳಿದಿರುತ್ತದೆ. ಹಾಗಾಗಿ ಕಿಟಕಿ ಸಂದಿಯಿಂದ ಇನ್ನೊಂದು ಕೇಬಲ್ ಎಳೆದು ಮೇಲೂ ಒಂದು ರೂಟರ್ ಕೂರಿಸಿರುತ್ತಾರೆ. ಇಂಟರ್‌ನೆಟ್ ಎಲ್ಲರಿಗೂ ಸಿಗುತ್ತದೆ. ತಕರಾರು ಶುರುವಾಗುವುದು ಒಂದು ಕಂಪ್ಯೂಟರ್ ಮುಂದೆ ಕೂತು ಇನ್ನೊಂದನ್ನು ತೆರೆಯಲು ಹೊರಟಾಗ. ಆಗ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು.

“ವೈಫೈನಲ್ಲಿರೋದಕ್ಕೂ ಕೇಬಲ್‌ನಲ್ಲಿರೋದಕ್ಕೂ ಆಗಿಬರಲ್ಲ ಸಾರ್”

ಆಗಿಬರುತ್ತದೆ. ಒಂದೇ ರೂಟರ್‌ನಿಂದ ಹೊರಟ ವೈಫೈ ಮತ್ತು ಕೇಬಲ್ ಎರಡೂ ಒಂದೇ ಜಾಲ. ಜಾಲವನ್ನು ಸೀಳುವುದು ಮೇಲೆ ಕೂರಿಸಿದ ಎರಡನೇ ರೂಟರ್. ಕೆಳಗಿನಿಂದ ಬಂದ ಕೇಬಲನ್ನು ಅದರ ವ್ಯಾನ್ ಪೋರ್ಟ್‌ಗೆ ಚುಚ್ಚಿದ ಕ್ಷಣದಲ್ಲೇ ಅದು ತನ್ನದೇ ಬೇರೆ ಸಂಸಾರ ಹೂಡುತ್ತದೆ. ಉದಾಹರಣೆಗೆ, ಕೆಳಗಿನವರಿಗೆ 192.168.1 ಎಂದು ಶುರುವಾಗುವ ಐಪಿ ವಿಳಾಸ, ಮೇಲಿನವರಿಗೆ 192.168.0.

ಇದರಲ್ಲೊಂದು ವಿಚಿತ್ರವಿದೆ. ಮೇಲಿನಿಂದ ಕೆಳಗಿನ ಕಂಪ್ಯೂಟರನ್ನು ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಐಪಿ ವಿಳಾಸ ಟೈಪ್ ಮಾಡಿದರೆ ಬಹುತೇಕ ಸಿಗುತ್ತದೆ. ಕೆಳಗಿನಿಂದ ಮೇಲಕ್ಕೆ ಮಾತ್ರ ಹೆಸರಿನಲ್ಲೂ ಇಲ್ಲ, ಐಪಿಯಲ್ಲೂ ಇಲ್ಲ. ಹೆಸರು ಹುಡುಕುವ ಕೂಗು ರೂಟರ್ ದಾಟುವುದಿಲ್ಲ. ಒಳಗಿನಿಂದ ಹೊರಟ ಸಂಪರ್ಕಕ್ಕೆ ರೂಟರ್ ದಾರಿ ಬಿಡುತ್ತದೆ, ಹೊರಗಿನಿಂದ ಬಂದದ್ದನ್ನು ತಡೆಯುತ್ತದೆ. ಮೇಲಿನ ರೂಟರ್ ಪಾಲಿಗೆ ಕೆಳಗಿನ ಮನೆಯೂ ‘ಹೊರಗೆ’. ಮಗ ಅಪ್ಪನ ಫೈಲ್ ನೋಡಬಲ್ಲ, ಅಪ್ಪ ಮೇಲಿನ ಪ್ರಿಂಟರ್‌ಗೆ ಒಂದು ಹಾಳೆ ಕಳಿಸಲಾರರು. “ವೈಫೈ ಪ್ರಿಂಟರ್ ತಗೋಬಾರದಿತ್ತು” ಎಂದು ಪಾಪ ಪ್ರಿಂಟರ್‌ಗೆ ಬೈಗುಳ.

ಪರಿಹಾರಕ್ಕೆ ಕಾಸು ಬೇಡ. ಮೇಲಿನ ರೂಟರ್‌ನ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ಸ್ವಂತ ವಿಳಾಸವನ್ನು ಕೆಳಗಿನ ಮನೆಯ ವಿಳಾಸಗಳ ಸಾಲಿನಲ್ಲಿ ಯಾರೂ ಬಳಸದ ಒಂದಕ್ಕೆ ಬದಲಾಯಿಸಿ, ಅದು ವಿಳಾಸ ಹಂಚುವುದನ್ನು, ಅಂದರೆ ಡಿಎಚ್‌ಸಿಪಿಯನ್ನು, ನಿಲ್ಲಿಸಿ, ಕೇಬಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ ಹಾಕಿ. ಆಮೇಲೆ ಎರಡೂ ಕಂಪ್ಯೂಟರ್‌ಗಳಲ್ಲಿ ‘ಐಪಿಕಾನ್ಫಿಗ್’ ಕಮಾಂಡ್ ಕೊಟ್ಟು ‘ಡೀಫಾಲ್ಟ್ ಗೇಟ್‌ವೇ’ ಸಾಲು ನೋಡಿ. ಎರಡರಲ್ಲೂ ಅದೇ ವಿಳಾಸ ಬಂದರೆ ಮೇಲೆ ಕೆಳಗೆ ಒಂದೇ ಮನೆ.

“ವೈಫೈ ಹೆಸರು ಒಂದೇ ಇದ್ದರೆ ಜಾಲವೂ ಒಂದೇ”

ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಇದನ್ನು ನಂಬಿ ಕೆಟ್ಟವರಿದ್ದಾರೆ. ಇಬ್ಬರು ರೂಮ್‌ಮೇಟ್‌ಗಳು ಅದೇ ವೈಫೈ, ಅದೇ ಪಾಸ್‌ವರ್ಡ್. ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರಿಗೆ ಕಾಣದು. ಹಂಚಿಕೊಂಡ ವೈಫೈಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಬೇಕೆಂದೇ ತಡೆ ಹಾಕಿರುತ್ತಾರೆ, ಹಾಕಲೂಬೇಕು. ಮನೆಯ ರೂಟರ್‌ನ ‘ಗೆಸ್ಟ್’ ವೈಫೈ ಕೂಡ ಸಾಮಾನ್ಯವಾಗಿ ಇದೇ ಜಾತಿ. ನೆಂಟರಿಗೆ ಕೊಟ್ಟ ಗೆಸ್ಟ್ ಪಾಸ್‌ವರ್ಡನ್ನೇ ಲ್ಯಾಪ್‌ಟಾಪ್‌ಗೂ ಹಾಕಿಕೊಂಡು ಒದ್ದಾಡಬೇಡಿ.

“ಒಂದು ಕಂಪ್ಯೂಟರ್‌ಗೆ ಒಂದೇ ವಿಳಾಸ”

ವೈಫೈಗೊಂದು, ಕೇಬಲ್‌ಗೊಂದು. ಮೇಜಿನ ಮೇಲೆ ಕೇಬಲ್ ಚುಚ್ಚಿದ ಲ್ಯಾಪ್‌ಟಾಪ್ ಮಂಚಕ್ಕೆ ಹೋದರೆ ವಿಳಾಸವೂ ಬದಲು. ನಿನ್ನೆ ಬರೆದಿಟ್ಟ ಐಪಿ ಇವತ್ತು ಕೆಲಸ ಮಾಡದಿರಲು ಎಷ್ಟೋ ಸಲ ಇದೇ ಕಾರಣ. ರೂಟರ್‌ನಲ್ಲಿ ವಿಳಾಸ ಕಾಯ್ದಿರಿಸುವಾಗ ಎರಡನ್ನೂ ಬೇರೆಬೇರೆಯಾಗಿ ಕಾಯ್ದಿರಿಸಬೇಕು.

“ವೈಫೈ ಸ್ಪೀಡ್ ಸಾಲಲ್ಲ, ರಿಮೋಟ್ ಎಳೆಯುತ್ತೆ”

ದೂರದ ಕಂಪ್ಯೂಟರಿನ ಪರದೆಯನ್ನು ತೋರಿಸಲು ಕೆಲವೇ ಎಂಬಿಪಿಎಸ್ ಸಾಕು. ಎಳೆಯುವುದು ತಡದಿಂದ: ಮೌಸ್ ಒತ್ತಿದ್ದು ಅಲ್ಲಿಗೆ ಮುಟ್ಟಿ, ಬದಲಾದ ಚಿತ್ರ ಮರಳುವ ಹೊತ್ತು ಏರಿಳಿದರೆ ಕೈಗೆ ಕಿರಿಕಿರಿ. ಅಕ್ಕಪಕ್ಕದ ಮನೆಗಳ ಹತ್ತಾರು ವೈಫೈ ತುಂಬಿದ 2.4 ಗಿಗಾಹರ್ಟ್ಸ್‌ನಲ್ಲಿ ಇದು ಹೆಚ್ಚು. ಎರಡರಲ್ಲಿ ಒಂದಕ್ಕಷ್ಟೇ ಕೇಬಲ್ ಇದೆಯೆಂದರೆ, ತೆರೆಯಬೇಕಾದ ಕಂಪ್ಯೂಟರ್‌ಗೆ ಅದನ್ನು ಕೊಡಿ.

ಆ ಕೇಬಲ್ಲಿನ ಮೇಲೂ ಒಂದು ಕಣ್ಣಿರಲಿ. ಒಳಗಿನ ಎಂಟು ತಂತಿಗಳಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿ ಹೋಗುವವರಿದ್ದಾರೆ. ನಾಲ್ಕರಲ್ಲಿ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. ಗಿಗಾಬಿಟ್ ಬೇಕಾದರೆ ಎಂಟೂ ಬೇಕು. ಪರದೆ ನೋಡಲು ವ್ಯತ್ಯಾಸ ತಿಳಿಯದು, ಮದುವೆ ವಿಡಿಯೋ ಕಾಪಿ ಮಾಡುವಾಗ ತಿಳಿಯುತ್ತದೆ.

“ವಿಂಡೋಸ್ ಅಂದಮೇಲೆ ರಿಮೋಟ್ ಡೆಸ್ಕ್‌ಟಾಪ್ ಇದ್ದೇ ಇರುತ್ತೆ”

ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರ್‌ಗೆ ಹೋಗಬಹುದು, ಹೋಮ್ ಇರುವ ಕಂಪ್ಯೂಟರ್‌ಗೆ ಬರುವಂತಿಲ್ಲ. ಬರಲು ಪ್ರೊ ಬೇಕು, ಇಲ್ಲವೇ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂಥ ಬೇರೆ ತಂತ್ರಾಂಶ. ಅಂಗಡಿಯಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಹೋಮ್. ಇದನ್ನು ನೋಡದೆ ಫೈರ್‌ವಾಲ್ ಆಫ್ ಮಾಡಿ ಕೂರುವುದು ವ್ಯರ್ಥ, ಅಪಾಯವೂ ಹೌದು.

“ಗೂಗಲ್‌ನಲ್ಲಿ ನನ್ನ ಐಪಿ ಸಿಗುತ್ತೆ, ಆಫೀಸಿನಿಂದ ಅದನ್ನು ಹೊಡೆದರೆ ಮನೆ”

ಮನೆಯ ಹೊರಗೆ ಹೋದವರು ಎಡವುವ ಜಾಗ ಇದು. ಐಪಿವಿ4 ವಿಳಾಸಗಳು ಸಾಲದ್ದರಿಂದ ಅನೇಕ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತವೆ. ಹೀಗೆ ಹಂಚುವುದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಎತ್ತಿಟ್ಟರು. ಗೂಗಲ್ ತೋರಿಸುವುದು ಆ ಎಲ್ಲ ಮನೆಗಳ ಹೆಬ್ಬಾಗಿಲನ್ನು. ಪರೀಕ್ಷೆ ಸುಲಭ: ಕಂಪನಿ ಡಬ್ಬದ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಗೂಗಲ್ ಹೇಳಿದ್ದೂ ಅದೂ ಬೇರೆಬೇರೆಯಾಗಿದ್ದರೆ, ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಆ ವಿಳಾಸದಿಂದ ಯಾರೂ ಒಳಗೆ ಬರುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ “ರೂಟರ್ ರೀಸ್ಟಾರ್ಟ್ ಮಾಡಿ” ಎಂಬ ಉತ್ತರ ಸಿಕ್ಕೀತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಸು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು. ನನ್ನ ಓಟು ಮಾತ್ರ ವೈರ್‌ಗಾರ್ಡ್ ಆಧಾರಿತ ಖಾಸಗಿ ಜಾಲಕ್ಕೆ. ಟೇಲ್‌ಸ್ಕೇಲ್‌ನಂಥವನ್ನು ಮನೆಯ ಕಂಪ್ಯೂಟರ್, ಕೈಯಲ್ಲಿರುವ ಲ್ಯಾಪ್‌ಟಾಪ್ ಎರಡಕ್ಕೂ ಹಾಕಿದರೆ ಎರಡೂ ಒಳಗಿನಿಂದಲೇ ಹೊರಟು ನಡುವೆ ಸಂಧಿಸುತ್ತವೆ. ಪೋರ್ಟ್ ತೆರೆಯುವ ಮಾತೇ ಇಲ್ಲ. ಮೇಲಿನ ರೂಟರ್ ಸರಿಮಾಡದೆ ಹಾಗೇ ಬಿಟ್ಟಿದ್ದರೂ ನಡೆಯುತ್ತದೆ. ಅದು ಕೊಡುವ ವಿಳಾಸವೂ 100ರಿಂದಲೇ ಶುರು, ಗಾಬರಿಯಾಗಬೇಡಿ.

“ನಮ್ಮ ಮನೆ ಕಂಪ್ಯೂಟರಲ್ಲಿ ಏನಿದೆ, ಯಾರು ಬರ್ತಾರೆ?”

ಸ್ಟ್ಯಾಟಿಕ್ ಐಪಿ ಕೊಂಡವರ ಧೈರ್ಯ ಇದು. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಹೊರಗೆ ತೆರೆದಿಟ್ಟರೆ ಬರುವುದು ಮನುಷ್ಯರಲ್ಲ, ಇಡೀ ಇಂಟರ್‌ನೆಟ್ಟಿನ ಬಾಗಿಲು ತಟ್ಟುತ್ತಾ ಹೋಗುವ ಪ್ರೋಗ್ರಾಮ್‌ಗಳು. ಜೆಪಿ ನಗರವೋ ಜಪಾನೋ ಅವಕ್ಕೆ ಒಂದೇ. 2019ರ ಮೇನಲ್ಲಿ ಹೊರಬಿದ್ದ ‘ಬ್ಲೂಕೀಪ್’ ಎಂಬ ದೋಷ ಇದೇ ಸೇವೆಯದ್ದು. ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ದಾರಿಯಿತ್ತು. ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು ಎಂದರೆ ಎಷ್ಟು ಹೆದರಿತ್ತು ನೋಡಿ. ಪೋರ್ಟ್ ನಂಬರ್ ಬದಲಿಸಿದರೆ ಸದ್ದು ಕಡಿಮೆಯಾಗಬಹುದು, ರಕ್ಷಣೆ ಸಿಗದು.

“ಎನಿಡೆಸ್ಕ್ ಅಂದರೆ ಮೋಸ, ಆರ್‌ಬಿಐನೇ ಹೇಳಿದೆ”

2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಎಂಬ ರಿಮೋಟ್ ಆ್ಯಪಿನ ಹೆಸರೆತ್ತಿ ಎಚ್ಚರಿಸಿದ್ದು ನಿಜ. ಯುಪಿಐ ಖಾತೆಗೆ ಕನ್ನ ಹಾಕಲು ವಂಚಕರು ಆ ಆ್ಯಪನ್ನು ಹಾಕಿಸುತ್ತಿದ್ದರು. ಆ್ಯಪ್ ತಾನಾಗಿ ಕಳ್ಳನಲ್ಲ. “ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಟ್ ಆಗುತ್ತೆ, ಈ ನಂಬರ್‌ಗೆ ಫೋನ್ ಮಾಡಿ” ಎಂಬ ಮೆಸೇಜ್ ನಂಬಿ, ಆ್ಯಪ್ ಪರದೆಯ ಮೇಲೆ ತೋರಿಸುವ ಸಂಪರ್ಕದ ಅಂಕಿಯನ್ನು ಅಪರಿಚಿತರಿಗೆ ಓದಿ ಹೇಳುವುದರಲ್ಲಿದೆ ಅಪಾಯ. ಅಪ್ಪ ಅಮ್ಮನಿಗೆ ನೀವೇ ರಿಮೋಟ್ ಹಾಕಿಕೊಟ್ಟಿದ್ದರೆ ಅಂಕಿ ಓದುವ ಅಗತ್ಯವೇ ಬಾರದಂತೆ ಮೊದಲೇ ಜೋಡಿಸಿ. ಆಗ ಅಂಕಿ ಕೇಳುವವರೆಲ್ಲ ಕಳ್ಳರೆಂದೇ ಅವರು ತಿಳಿಯಬಹುದು. ಹಣ ಹೋಗಿಯೇಬಿಟ್ಟರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು.

“ಆಫ್ ಆಗಿದ್ದರೂ ದೂರದಿಂದ ಎಬ್ಬಿಸಬಹುದು”

ಕೇಬಲ್ ಇದ್ದರೆ, ಬಯಾಸ್‌ನಲ್ಲಿ ‘ವೇಕ್ ಆನ್ ಲ್ಯಾನ್’ ಆನ್ ಆಗಿದ್ದರೆ, ಬಹುತೇಕ ಹೌದು. ಅದಕ್ಕೆ ಕಳಿಸುವ ಸಂದೇಶ 102 ಬೈಟ್‌ನದ್ದು. ಅದರಲ್ಲಿ ಆ ಕಂಪ್ಯೂಟರಿನ ಯಂತ್ರ ವಿಳಾಸವನ್ನು 16 ಸಲ ಕೂಗಿರುತ್ತದೆ. ವೈಫೈನಲ್ಲಿ ಇದನ್ನು ನೆಚ್ಚುವಂತಿಲ್ಲ. ಹೊರಗಿನಿಂದ ಎಬ್ಬಿಸಬೇಕಾದರೆ ಮನೆಯೊಳಗೆ ಸದಾ ಎಚ್ಚರವಿರುವ ಇನ್ನೊಂದು ಸಾಧನದಿಂದ ಕೂಗಿಸಬೇಕು.

ಕರೆಂಟ್ ಹೋಗಿ ಬಂದಮೇಲಂತೂ ಎಷ್ಟೋ ಮದರ್‌ಬೋರ್ಡ್‌ಗಳು ಆ ಕೂಗಿಗೆ ಓಗೊಡುವುದಿಲ್ಲ. ಬಯಾಸ್‌ನಲ್ಲೇ ‘ರೀಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬಂಥ ಆಯ್ಕೆ ಹುಡುಕಿ, ಕರೆಂಟ್ ಬಂದೊಡನೆ ತಾನೇ ಆನ್ ಆಗುವಂತೆ ಇಡಿ. ಯುಪಿಎಸ್ ಕಂಪ್ಯೂಟರ್‌ಗೆ ಮಾತ್ರ ಇದ್ದು ಟಿವಿ ಪಕ್ಕದ ಡಬ್ಬಕ್ಕೆ ಇಲ್ಲದಿದ್ದರೆ, ಕಂಪ್ಯೂಟರ್ ಓಡುತ್ತಲೇ ಇರುತ್ತದೆ, ನಿಮಗೆ ಮಾತ್ರ ಸಿಗುವುದಿಲ್ಲ. ಮೇಲಿನ ರೂಟರ್‌ಗೂ, ನಡುವೆ ನೆಟ್‌ವರ್ಕ್ ಸ್ವಿಚ್ ಇದ್ದರೆ ಅದಕ್ಕೂ ಇದೇ ಲೆಕ್ಕ.